ನಮ್ಮ ಕಡೆ ಹುಡುಗ

ಸೆಪ್ಟೆಂಬರ್ 1, 2025. ಒಂದೇ ದಿನ ಎರಡು ಸುದ್ದಿ. ಎರಡೇ ಎರಡು ಲೀಗ್ ಪಂದ್ಯ ಮುಗಿಯುವಷ್ಟರಲ್ಲಿ ಜರ್ಮನಿಯ ಫುಟ್‌ಬಾಲ್ ಕ್ಲಬ್ ಲೆವರ್ಕೂಸನ್‌ನವರು ಕೋಚ್ ಎರಿಕ್ ಟೆನ್ ಹಾಗ್ ಅವರನ್ನು ಮನೆಗೆ ಕಳಿಸಿದರು. ಅತ್ತ, ಹಿಂದೆ ಮ್ಯಾಂಚೆಸ್ಟರ್ ಯುನೈಟೆಡ್ ಕೋಚ್ ಆಗಿದ್ದಾಗ ಅವರು ಹಟ ಹಿಡಿದು ತರಿಸಿಕೊಂಡಿದ್ದ ಆಟಗಾರ ಆಂಟನಿಯನ್ನು ಯುನೈಟೆಡ್ ಸ್ಪೇನಿನ ಬೆಟಿಸ್ ಕ್ಲಬ್‌ಗೆ ಮಾರಿತು. ಕೊಂಡಾಗ ಸುಮಾರು 9.5 ಕೋಟಿ ಯೂರೋ, ಮಾರಿದಾಗ ಸುಮಾರು 2.2 ಕೋಟಿ. ಶೋರೂಮಿನಿಂದ ಆಚೆ ಬಂದ ಕೂಡಲೇ ಕಾರಿನ ಬೆಲೆ ಇಳಿಯುತ್ತದೆ, ಒಪ್ಪೋಣ. ಆದರೆ ಈ ಕಾರು ರೋಡಿಗಿಳಿದಿದ್ದು ಕಡಿಮೆ, ನಿಂತಲ್ಲೇ ಸುತ್ತಿದ್ದು ಜಾಸ್ತಿ.

ಸುತ್ತಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. 2022ರ ಅಕ್ಟೋಬರ್, ಮಾಲ್ಡೋವಾದ ಶೆರಿಫ್ ಕ್ಲಬ್ ವಿರುದ್ಧದ ಪಂದ್ಯ. ನಮಗೆ ನಡುರಾತ್ರಿ ಹನ್ನೆರಡೂವರೆ. ಮನೆಯವರು ಏಳಬಾರದು ಅಂತ ಟಿವಿ ಸೌಂಡ್ ಪೂರ್ತಿ ತೆಗೆದಿದ್ದೆ. ಆಂಟನಿ ಕಾಲಿಗೆ ಚೆಂಡು ಅಂಟಿಸಿಕೊಂಡು ಬುಗುರಿ ಹಾಗೆ ಗಿರಗಿರ ಎರಡು ಸುತ್ತು ಹೊಡೆದ. ಎದುರಾಳಿ ದೂರದಲ್ಲೇ ನಿಂತು ನೋಡಿದ. ಆಮೇಲೆ ಪಾಸ್ ಕೊಟ್ಟ. ಚೆಂಡು ಸೀದಾ ಗೆರೆ ದಾಟಿ ಆಚೆ. ಅರ್ಧ ಆಟ ಮುಗಿದಾಗ ಟೆನ್ ಹಾಗ್ ಅವನನ್ನು ಕೂರಿಸಿದರು. ನಾನು ಎದ್ದು ಹೋಗಿ ಮಜ್ಜಿಗೆ ಕುಡಿದೆ.

ಟೆನ್ ಹಾಗ್ ಅವರ ಖರೀದಿ ವಿದ್ಯೆ ಅರ್ಥವಾಗಬೇಕಾದರೆ, ಎಲ್ಲರ ಮನೆಯಲ್ಲೂ ಒಬ್ಬ ಮಾವ ಇರ್ತಾನಲ್ಲ, ಅವನನ್ನು ನೆನೆಸಿಕೊಳ್ಳಿ. ಗಂಡು ಹುಡುಕು ಅಂದರೆ ಜಾತಕ ನೋಡಲ್ಲ, ಕೆಲಸ ಕೇಳಲ್ಲ. 'ನಮ್ಮ ಕಡೆ ಹುಡುಗ ಕಣಯ್ಯ, ಚಡ್ಡಿ ಹಾಕ್ಕೊಂಡು ಓಡಾಡೋವಾಗಿಂದ ನೋಡಿದ್ದೀನಿ' ಅಂತಾನೆ. ಮುಗೀತು. ಮಾರ್ಟಿನೆಜ್? ಅಯಾಕ್ಸ್, ಅಂದರೆ ಟೆನ್ ಹಾಗ್ ಮೊದಲು ಕೋಚ್ ಆಗಿದ್ದ ಹಾಲೆಂಡಿನ ಕ್ಲಬ್. ಆಂಟನಿ? ಅಯಾಕ್ಸ್. ಒನಾನಾ ಬಂದಿದ್ದು ಇಂಟರ್‌ನಿಂದ, ಡಿ ಲಿಖ್ಟ್ ಮತ್ತು ಮಜ್ರಾವಿ ಬಯರ್ನ್‌ನಿಂದ. ಆದರೆ ಮೂವರೂ ಅಯಾಕ್ಸ್‌ನಲ್ಲಿ ಇವರ ಕೈಕೆಳಗೆ ಆಡಿದವರೇ. ಅಮ್ರಬಾತ್ ಅದಕ್ಕೂ ಹಿಂದಿನ ಉಟ್ರೆಕ್ಟ್ ಕ್ಲಬ್ ಕಾಲದ ಶಿಷ್ಯ. ಮೌಂಟ್ ಯಾವ ಕಡೆಯವನು ಅಂತ ತುಂಬಾ ದಿನ ತಲೆ ಕೆರೆದುಕೊಂಡೆ, ಅವನು ಚೆಲ್ಸಿಯ ಹುಡುಗ. ಆಮೇಲೆ ಹೊಳೆಯಿತು. ಹಾಲೆಂಡಿನ ವಿಟೆಸ್ಸೆ ಕ್ಲಬ್‌ನಲ್ಲಿ, ಚೆಲ್ಸಿ ಸಾಲವಾಗಿ ಕೊಟ್ಟ ಆಟಗಾರನಾಗಿ, ಒಂದು ಸೀಸನ್ ಆಡಿದ್ದ. 'ನಮ್ಮ ಸೋದರತ್ತೆ ಊರಲ್ಲೇ ಪಿಯುಸಿ ಓದಿದ್ದು!' ಸಂಬಂಧ ಪಕ್ಕಾ.

ಅಯಾಕ್ಸ್‌ನ ಇನ್ನೊಬ್ಬ ಹಳೆ ಶಿಷ್ಯ ಫ್ರೆಂಕಿ ಡಿ ಯಾಂಗ್ ಬಾಗಿಲಿಗಂತೂ ಒಂದಿಡೀ ಬೇಸಿಗೆ ಅಲೆದರು. ಅವನು ಬಾರ್ಸಿಲೋನಾದಿಂದ ಕದಲಲಿಲ್ಲ. ಜಾಣ.

ಒಳ್ಳೆಯದನ್ನೂ ಹೇಳಬೇಕು. 'ಐದಡಿ ಒಂಬತ್ತಿಂಚಿನವನು ಡಿಫೆಂಡರಾ?' ಅಂತ ಇಂಗ್ಲೆಂಡಿನ ಟಿವಿ ಪಂಡಿತರು ಮಾರ್ಟಿನೆಜ್‌ನನ್ನು ನೋಡಿ ಮೂಗು ಮುರಿದರು. 2022ರ ಡಿಸೆಂಬರ್‌ನಲ್ಲೇ ಅವನು ವಿಶ್ವಕಪ್ ಗೆದ್ದ ತಂಡದಲ್ಲಿದ್ದ. ಮಾವ ತಂದ ಹತ್ತರಲ್ಲಿ ಒಂದು ಸಂಬಂಧ ಹೀಗೆ ಕುದುರುತ್ತೆ. ಪ್ರತಿ ಮದುವೆ ಮನೆಯಲ್ಲೂ ಅದನ್ನೇ ಹೇಳ್ತಾನೆ.

ಇನ್ನು ಯುನೈಟೆಡ್‌ನಲ್ಲಿದ್ದ ಆಟಗಾರ ಸ್ಯಾಂಚೊ. 2023ರಲ್ಲಿ ಟೆನ್ ಹಾಗ್ ಜೊತೆ ಜಗಳವಾಗಿ ಅವನನ್ನು ತಂಡದ ಊಟದ ಕೋಣೆಗೂ ಬಿಟ್ಟುಕೊಳ್ಳಲಿಲ್ಲ ಅಂತ ಸುದ್ದಿಯಾಗಿತ್ತು. ಮುಂದಿನ ಜೂನ್‌ನಲ್ಲಿ ಅವನು ಜರ್ಮನಿಯ ಡಾರ್ಟ್‌ಮಂಡ್ ಪರ ಚಾಂಪಿಯನ್ಸ್ ಲೀಗ್ ಫೈನಲ್ ಆಡುತ್ತಿದ್ದ. ಮ್ಯಾಕ್‌ಟೊಮಿನೆಯನ್ನು ಕಳಿಸಲು ಮಾತ್ರ ಟೆನ್ ಹಾಗ್ ಅವರಿಗೂ ಮನಸ್ಸಿರಲಿಲ್ಲ. ಲೆಕ್ಕ ಸರಿದೂಗಿಸಲು ಕ್ಲಬ್ ಮಾರಿತು. ನಪೋಲಿಗೆ ಹೋದವನು ಮೊದಲ ವರ್ಷವೇ ಇಟಲಿಯ ಲೀಗ್ ಗೆದ್ದ.

ಈ ಲೆಕ್ಕದವರ ವಿಷಯಕ್ಕೆ ಬಂದರೆ ನನಗೆ ನಗು ಬರಲ್ಲ. ಮಾವ ಹೇಳಿದ ಅಂತ ಗಂಟು ಬಿಚ್ಚಿದವರು ಯಾರು? 2024ರ ಜುಲೈನಲ್ಲಿ ಟೆನ್ ಹಾಗ್ ಅವರ ಒಪ್ಪಂದ ಮುಂದುವರಿಸಿದರು. ಅದೇ ಬೇಸಿಗೆ ಐದು ಜನರನ್ನು ಕೊಡಿಸಿದರು. ಅಕ್ಟೋಬರ್ 28ಕ್ಕೆ ಹೊರಗೆ ಕಳಿಸಿದರು. ಅವರನ್ನೂ ಸಹಾಯಕರನ್ನೂ ಕಳಿಸಿದ ಖರ್ಚೇ 1 ಕೋಟಿ ಪೌಂಡ್ ದಾಟಿತು. ಆಮೇಲೆ ದುಡ್ಡಿಲ್ಲ ಅಂದರು. ಟಿಕೆಟ್ 66 ಪೌಂಡ್ ಮಾಡಿದರು, ಮಕ್ಕಳಿಗೂ ಅಷ್ಟೇ, ಪಿಂಚಣಿ ತಗೊಳ್ಳೋ ಮುದುಕರಿಗೂ ಅಷ್ಟೇ. ನೂರಾರು ಜನರ ಕೆಲಸ ತೆಗೆದರು. ಕ್ಲಬ್ಬಿನ ಮೈದಾನ ಓಲ್ಡ್ ಟ್ರಾಫರ್ಡ್‌ನ ಸಿಬ್ಬಂದಿಗೆ ಮಧ್ಯಾಹ್ನದ ಬಿಟ್ಟಿ ಊಟ ನಿಲ್ಲಿಸಿ, ಬದಲಿಗೆ ಹಣ್ಣು ಇಟ್ಟರು. ಬುಗುರಿ ತಂದವರು ಇವರು, ತಟ್ಟೆ ಕಳೆದುಕೊಂಡವರು ಅವರು. ಥೂ.

ಅಂದಹಾಗೆ ಆಂಟನಿ 2025ರ ಮೇ ತಿಂಗಳಲ್ಲೇ, ಇನ್ನೂ ಸಾಲಕ್ಕೆ ಹೋಗಿದ್ದಾಗಲೇ, ಬೆಟಿಸ್ ಜೊತೆ ಕಾನ್ಫರೆನ್ಸ್ ಲೀಗ್ ಫೈನಲ್ ಆಡಿದ. ಎದುರಿಗೆ ಚೆಲ್ಸಿ. ಚೆಲ್ಸಿ ಪರ ಮೂರನೇ ಗೋಲು ಹೊಡೆದವನು ಸ್ಯಾಂಚೊ, ಅವನೂ ಯುನೈಟೆಡ್‌ನಿಂದ ಸಾಲಕ್ಕೆ ಹೋದವನೇ. ಆ ರಾತ್ರಿಯೂ ಹನ್ನೆರಡೂವರೆಗೆ ಎದ್ದು ಕೂತಿದ್ದೆ. ಮಜ್ಜಿಗೆ ಖಾಲಿಯಾಗಿತ್ತು.