ಹೋಂಸ್ಟೇಗೂ ಲಾಡ್ಜಿಗೂ ಒಂದೇ ಕಾನೂನು ಬೇಕೇ?

ಕೊಡಗಿನಲ್ಲಿ ಈ ತಕರಾರು ಹಳೆಯದು. ಪೇಟೆಯ ಲಾಡ್ಜಿನವರು ಒಂದು ಕಡೆ, ತೋಟದ ಮನೆಯಲ್ಲೇ ಒಂದೆರಡು ರೂಮು ಕೊಡುವವರು ಇನ್ನೊಂದು ಕಡೆ. ಮಡಿಕೇರಿಯ ಲಾಡ್ಜ್ ಮಾಲೀಕರೊಬ್ಬರ ಮಾತು ಮೊದಲು. ಕಕ್ಕಬ್ಬೆ ಕಡೆಯ ಹೋಂಸ್ಟೇ ಒಡತಿಯ ಮಾತು ಆಮೇಲೆ.

ಪರ: ದುಡ್ಡು ತಗೊಂಡು ಮಲಗಿಸಿದರೆ ಅದು ಲಾಡ್ಜೇ

ಶನಿವಾರ ಸಂಜೆ ಆರರ ಹೊತ್ತಿಗೆ ನಮ್ಮ ಲಾಡ್ಜಿನ ಮುಂದೆ ಕಾರು ನಿಲ್ಲುತ್ತದೆ. ನಂಬರ್ ಪ್ಲೇಟ್ ನೋಡಿದರೆ ಬೆಂಗಳೂರಿನದು. ನಾನು ರಿಜಿಸ್ಟರ್ ಬಿಚ್ಚಿ ಪೆನ್ನು ಹಿಡಿದು ಕೂತಿರುತ್ತೇನೆ. ಒಳಗೆ ಬಂದವರು ರೂಮು ಕೇಳುವುದಿಲ್ಲ, ದಾರಿ ಕೇಳುತ್ತಾರೆ. "ಸರ್, ಈ ಹೋಂಸ್ಟೇ ಎಲ್ಲಿ ಬರುತ್ತೆ? ಮ್ಯಾಪ್ ಸುಮ್ನೆ ಸುತ್ತಿಸ್ತಾ ಇದೆ." ಹೇಳಿ ಕಳಿಸುತ್ತೇನೆ. ಕೆಲವರು ಬಾತ್‌ರೂಮೂ ಕೇಳುತ್ತಾರೆ. ಅದನ್ನೂ ಕೊಡುತ್ತೇನೆ. ಮಕ್ಕಳಿರುವವರಿಗೆ ಆ ಚಳಿಯಲ್ಲಿ ಇಲ್ಲ ಅನ್ನುವುದು ಹೇಗೆ?

ಅಪ್ಪ ಕಟ್ಟಿಸಿದ್ದು ಹದಿನೆಂಟು ರೂಮು. ಈಗಲೂ ಅಷ್ಟೇ ಇವೆ. ಆಗ ಬರುತ್ತಿದ್ದವರು ತಲಕಾವೇರಿಗೆ ಹೋಗುವವರು, ಕೋರ್ಟು ಕಚೇರಿ ಕೆಲಸಕ್ಕೆ ಬಂದವರು, ಔಷಧಿ ಕಂಪನಿಯ ರೆಪ್‌ಗಳು. ಪ್ರವಾಸಿಗರು ಬಂದದ್ದು ಆಮೇಲೆ. ಅವರು ಬಂದರು, ನಮ್ಮನ್ನು ದಾಟಿಕೊಂಡು ತೋಟಕ್ಕೆ ಹೋದರು. ಹೋಗಲಿ, ಅದಕ್ಕೆ ನನ್ನ ತಕರಾರಿಲ್ಲ. ಕಿಟಕಿ ತೆಗೆದರೆ ಬಸ್‌ಸ್ಟ್ಯಾಂಡ್ ಕಾಣುವ ರೂಮಿಗಿಂತ ಕಾಫಿ ಗಿಡ ಕಾಣುವ ರೂಮು ಚೆನ್ನ ಅಂತ ನನಗೂ ಗೊತ್ತು.

ನನ್ನ ತಕರಾರು ಲೆಕ್ಕದ್ದು. ನಗರಸಭೆಯ ಟ್ರೇಡ್ ಲೈಸೆನ್ಸ್ ವರ್ಷ ವರ್ಷ ನವೀಕರಿಸಬೇಕು. ಕರೆಂಟಿಗೆ ಕಮರ್ಷಿಯಲ್ ಮೀಟರು. ಅಡುಗೆಗೆ 19 ಕೆಜಿಯ ಕಮರ್ಷಿಯಲ್ ಸಿಲಿಂಡರ್ರೇ ಆಗಬೇಕು. ಮನೆಬಳಕೆಯ 14.2 ಕೆಜಿಯ ಸಿಲಿಂಡರ್ ನಮ್ಮ ಅಡುಗೆಮನೆಯಲ್ಲಿ ಕಂಡರೆ ಆಹಾರ ಇಲಾಖೆಯವರು ಎತ್ತಿಕೊಂಡು ಹೋಗುತ್ತಾರೆ, ಕೇಸು ಬೇರೆ. ಬೆಂಕಿ ಆರಿಸುವ ಉಪಕರಣ ಇಟ್ಟರೆ ಸಾಲದು, ಅದರ ರೀಫಿಲ್ ತಾರೀಕೂ ಸರಿ ಇರಬೇಕು. ಹತ್ತು ಜನ ಕೆಲಸಕ್ಕಿದ್ದರೆ ಅವರ ಇಎಸ್‌ಐ ವಿಮೆ. ಆಮೇಲೆ ಜಿಎಸ್‌ಟಿ. ಸಾವಿರ ರೂಪಾಯಿಯೊಳಗಿನ ರೂಮಿಗೆ 2022ರ ಜುಲೈವರೆಗೆ ತೆರಿಗೆ ಇರಲಿಲ್ಲ. ಆಗ 12 ಪರ್ಸೆಂಟ್ ಹಾಕಿದರು. 2025ರ ಸೆಪ್ಟೆಂಬರಿನಲ್ಲಿ 5ಕ್ಕೆ ಇಳಿಸಿದರು, ಸಂತೋಷ. ಆದರೆ ಆ ಮೂರು ವರ್ಷ ಎಂಟುನೂರು ರೂಪಾಯಿ ರೂಮಿಗೆ ತೊಂಬತ್ತಾರು ರೂಪಾಯಿ ಜಾಸ್ತಿ ಕೇಳಿ, ಗಿರಾಕಿಯ ಮುಖ ನೋಡಿದವನು ನಾನು.

ಇದೆಲ್ಲ ಬೇಡ ಅಂತ ನಾನು ಹೇಳುತ್ತಿಲ್ಲ. ಬಂದವರು ಯಾರು ಅಂತ ಬರೆದುಕೊಳ್ಳಬೇಕು, ಗುರುತಿನ ಚೀಟಿ ನೋಡಬೇಕು. ಪೊಲೀಸರು ರಾತ್ರಿ ಹನ್ನೊಂದಕ್ಕೆ ಬಂದು ರಿಜಿಸ್ಟರ್ ಕೇಳಿದರೆ ತೋರಿಸಬೇಕು. ತೋರಿಸುತ್ತೇವೆ. ಅದೇ ಕೆಲಸ ಮಾಡುವ ಇನ್ನೊಬ್ಬನನ್ನು ಯಾಕೆ ಕೇಳುವುದಿಲ್ಲ ಅನ್ನುವುದಷ್ಟೇ ನನ್ನ ಪ್ರಶ್ನೆ.

ಹೋಂಸ್ಟೇ ಅಂದರೆ ಏನು? ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಯೋಜನೆಯಲ್ಲಿ ಸ್ಪಷ್ಟವಾಗಿದೆ. ಹೆಚ್ಚೆಂದರೆ ಆರು ರೂಮು, ಹನ್ನೆರಡು ಹಾಸಿಗೆ. ಮನೆಯವರು ಅಲ್ಲೇ ವಾಸ ಇರಬೇಕು. ಈಗ ಮಡಿಕೇರಿಯಿಂದ ಯಾವ ದಿಕ್ಕಿಗಾದರೂ ಹತ್ತು ಕಿಲೋಮೀಟರ್ ಹೋಗಿ ನೋಡಿ. ಬೋರ್ಡಿನಲ್ಲಿ ಹೋಂಸ್ಟೇ, ಒಳಗೆ ಎಂಟು ಕಾಟೇಜು, ಒಂದು ಈಜುಕೊಳ, ಡಿಜೆ. ಜಾಗ ಒಬ್ಬರದು, ಲೀಸಿಗೆ ಹಿಡಿದವನು ಬೆಂಗಳೂರಿನವನು, ನೋಡಿಕೊಳ್ಳಲು ಒಬ್ಬ ಹುಡುಗ. ಬಂದವರಿಗೆ ಗೇಟಿನ ಕೀಲಿ ಎಲ್ಲಿದೆ ಅಂತ ವಾಟ್ಸಾಪಿನಲ್ಲಿ ತಿಳಿಸುತ್ತಾರೆ. ಇದರಲ್ಲಿ ಹೋಮ್ ಎಲ್ಲಿದೆ ಸ್ವಾಮಿ?

ನನಗೆ ಭಯ ಇರುವುದು ಬಾತ್‌ರೂಮಿನ ಬಗ್ಗೆ. ಕರೆಂಟು ನಂಬುವ ಹಾಗಿಲ್ಲ, ಅದಕ್ಕೆ ಎಲ್ಲರೂ ಗ್ಯಾಸ್ ಗೀಸರ್ ಹಾಕಿಸುತ್ತಾರೆ. ಚಳಿ ಅಂತ ವೆಂಟಿಲೇಟರಿಗೆ ಪ್ಲಾಸ್ಟಿಕ್ ಹೊಡೆಯುತ್ತಾರೆ. ಒಳಗೆ ಗ್ಯಾಸ್ ಉರಿದು ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಆ ವಿಷಗಾಳಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಸ್ನಾನಕ್ಕೆ ಹೋದವರು ಒಳಗೇ ಬೀಳುತ್ತಾರೆ. ಲಾಡ್ಜಿನಲ್ಲಾದರೆ ಪಕ್ಕದ ರೂಮಿನವರಿಗಾದರೂ ಗೊತ್ತಾಗುತ್ತದೆ. ತೋಟದ ನಡುವೆ, ಸಿಗ್ನಲ್ ಇಲ್ಲದ ಕಡೆ, ಹತ್ತಿರದ ಆಸ್ಪತ್ರೆಗೆ ಒಂದು ಗಂಟೆ. ಇದನ್ನು ಯಾರಾದರೂ ಒಬ್ಬರು ಹೋಗಿ ನೋಡಬೇಕಲ್ವಾ?

ಗುಡ್ಡದ ಕಥೆಯೂ ಇದೆ. 2018ರ ಆಗಸ್ಟಿನ ಮಳೆಗೆ ಇಲ್ಲಿ ಗುಡ್ಡಗಳು ಕುಸಿದದ್ದನ್ನು ಯಾರು ಮರೆತಾರು? ಅಂಥ ಮಳೆ ಹಿಂದೆ ಕಂಡಿರಲಿಲ್ಲ, ನಿಜ. ಆದರೆ ಗುಡ್ಡ ಕಡಿದದ್ದೂ ಒಂದು ಕಾರಣ ಅಂತ ಅಧ್ಯಯನ ಮಾಡಿದವರು ಆಗ ಹೇಳಿದರು. ವ್ಯೂ ಸಿಗಲಿ ಅಂತ ಇಳಿಜಾರಿಗೆ ಜೆಸಿಬಿ ಇಳಿಸಿ ಕಾಟೇಜು ಕೂರಿಸಿದವರು ಯಾರ ಹತ್ತಿರ ಪರ್ಮಿಷನ್ ತಗೊಂಡಿದ್ದರು?

ಚಿಕ್ಕವರಿಗೆ ರಿಯಾಯಿತಿ ಕೊಡಿ ಅನ್ನುತ್ತಾರೆ. ಕೇಳಲು ಚೆನ್ನಾಗಿದೆ. ಎರಡು ರೂಮಿನ ಅಕ್ಕನಿಗೆ ಅಂತ ತೆರೆದಿಟ್ಟ ಬಾಗಿಲಲ್ಲಿ ಎಂಟು ಕಾಟೇಜಿನವನು ನುಗ್ಗುತ್ತಾನೆ. ಈಗ ಆಗಿರುವುದೂ ಅದೇ. ನಾಲ್ಕು ರೂಮು ಹೆಂಡತಿ ಹೆಸರಿಗೆ, ನಾಲ್ಕು ಭಾವನ ಹೆಸರಿಗೆ. ಕಾಗದದಲ್ಲಿ ಎರಡು ಹೋಂಸ್ಟೇ, ನೆಲದ ಮೇಲೆ ಒಂದು ರೆಸಾರ್ಟ್. ರೂಮಿನ ಲೆಕ್ಕ ಬಿಡಿ. ದುಡ್ಡು ತಗೊಂಡು ರಾತ್ರಿ ಮಲಗಿಸುವವರಿಗೆಲ್ಲ ಒಂದೇ ಫಾರಂ, ಒಂದೇ ತಪಾಸಣೆ ಇರಲಿ. ನ್ಯೂಯಾರ್ಕಿನಲ್ಲಿ 2023ರ ಸೆಪ್ಟೆಂಬರಿನಿಂದ ಹೀಗೆ ನಾಲ್ಕಾರು ದಿನಕ್ಕೆ ಮನೆ ಕೊಡುವವರು ನಗರಾಡಳಿತದ ಹತ್ತಿರ ರಿಜಿಸ್ಟರ್ ಮಾಡಿಸಲೇಬೇಕು. ಬಾರ್ಸಿಲೋನಾದಲ್ಲಿ ಪ್ರವಾಸಿ ಫ್ಲ್ಯಾಟುಗಳ ಲೈಸೆನ್ಸನ್ನೇ 2028ರೊಳಗೆ ನಿಲ್ಲಿಸುತ್ತೇವೆ ಅಂದಿದ್ದಾರೆ. ನಾನು ಅಷ್ಟು ದೂರ ಹೋಗುತ್ತಿಲ್ಲ. ನನಗೆ ಹಾಕಿದ ತಕ್ಕಡಿಯನ್ನು ಅವರಿಗೂ ಹಾಕಿ ಅಂತಷ್ಟೇ ಕೇಳುತ್ತಿದ್ದೇನೆ.

ವಿರೋಧ: ನನ್ನ ಮನೆ ಮನೆಯಾಗಿಯೇ ಇರಲಿ

ಮೊದಲೇ ಹೇಳಿಬಿಡುತ್ತೇನೆ. ಡಿಜೆ ಹಾಕುವ ಕಾಟೇಜಿನ ಬಗ್ಗೆ ಲಾಡ್ಜಿನವರು ಹೇಳಿದ್ದಕ್ಕೆಲ್ಲ ನಾನೂ ಹೌದು ಅನ್ನುತ್ತೇನೆ. ಆ ಸದ್ದಿಗೆ ನಮ್ಮ ನಾಯಿಗಳೂ ನಿದ್ದೆ ಮಾಡುವುದಿಲ್ಲ. ಜಗಳ ಅದರ ಬಗ್ಗೆ ಅಲ್ಲವೇ ಅಲ್ಲ.

ನಮ್ಮದು ತಡಿಯಂಡಮೋಳ್ ಬೆಟ್ಟದ ಕೆಳಗೆ ಹಂಚಿನ ಮನೆ. 2000ದ ಆಚೀಚೆ ಕಾಫಿ ರೇಟು ಬಿದ್ದಾಗ ಆಳುಗಳಿಗೆ ವಾರದ ಸಂಬಳ ಕೊಡಲೂ ಕಷ್ಟವಾಗಿತ್ತು. ಮಕ್ಕಳು ಓದಿಗೆ ಅಂತ ಹೋದರು, ಕೆಲಸಕ್ಕೆ ಅಂತ ಅಲ್ಲೇ ಉಳಿದರು. ಅಟ್ಟದ ಎರಡು ರೂಮು ಖಾಲಿ. ಬೆಟ್ಟ ಹತ್ತಲು ಬಂದ ಹುಡುಗರು ಒಂದು ದಿನ ಮಳೆಗೆ ಸಿಕ್ಕಿಬಿದ್ದು, ಜಗುಲಿಯಲ್ಲಿ ಮಲಗಲಾ ಅಂತ ಕೇಳಿದರು. ಜಗುಲಿಯಲ್ಲಿ ಯಾಕೆ, ಮೇಲೆ ಹೋಗಿ ಅಂದೆವು. ಬೆಳಿಗ್ಗೆ ಹೋಗುವಾಗ ಟೇಬಲ್ ಮೇಲೆ ದುಡ್ಡಿಟ್ಟಿದ್ದರು. ನಮ್ಮ ಹೋಂಸ್ಟೇ ಉದ್ಘಾಟನೆ ಆದದ್ದು ಹಾಗೆ.

ಈಗಲೂ ಎರಡೇ ರೂಮು. ಶುಕ್ರವಾರ ರಾತ್ರಿ ಬರುತ್ತಾರೆ, ಭಾನುವಾರ ಊಟ ಮಾಡಿ ಹೊರಡುತ್ತಾರೆ. ವಾರದ ನಡುವೆ ಯಾರೂ ಇಲ್ಲ. ಮಳೆಗಾಲದಲ್ಲಿ ಬರುವವರು ಕಡಿಮೆ, ಬಂದವರನ್ನು ಜಿಗಣೆ ಓಡಿಸುತ್ತದೆ. ನಾನು, ನಮ್ಮವರು, ಪಾತ್ರೆ ತೊಳೆಯಲು ತೋಟದ ಆಳುಗಳ ಲೈನ್‌ಮನೆಯಿಂದ ಬರುವ ಒಬ್ಬಳು. ಹುಳಿಗೆ ಕಾಚಂಪುಳಿ ಹಾಕಿ ಪಂದಿಕರಿ ಮಾಡುವುದು, ಕಡಂಬಿಟ್ಟು ಉಂಡೆ ಕಟ್ಟುವುದು ನಾನೇ. ಸ್ನಾನದ ನೀರು ಕಾಯುವುದು ಹಿತ್ತಲ ಹಂಡೆಯಲ್ಲಿ, ತೋಟದಲ್ಲಿ ಕಡಿದ ಒಣ ಕಟ್ಟಿಗೆಯಲ್ಲಿ. ಗ್ಯಾಸ್ ಗೀಸರಿನ ಮಾತು ಸರಿ, ಅದನ್ನು ತಪಾಸಣೆ ಮಾಡಿ. ನನ್ನ ಹಂಡೆಯನ್ನೂ ಬೇಕಾದರೆ ನೋಡಿಕೊಂಡು ಹೋಗಿ, ಕಾಫಿ ಕೊಡುತ್ತೇನೆ.

ಕಕ್ಕಡ ತಿಂಗಳ ಹದಿನೆಂಟಕ್ಕೆ, ಅಂದರೆ ಆಗಸ್ಟ್ 3ಕ್ಕೆ, ನಮ್ಮಲ್ಲಿ ಮದ್ದುಸೊಪ್ಪಿನ ಪಾಯಸ ಮಾಡುತ್ತೇವೆ. ಆ ದಿನಕ್ಕೆ ಸೊಪ್ಪಿನಲ್ಲಿ ಹದಿನೆಂಟು ಬಗೆ ಔಷಧಿ ಸೇರಿರುತ್ತದೆ ಅನ್ನುವ ನಂಬಿಕೆ. ಸೊಪ್ಪು ಕುದಿಸಿದ ನೀರು ಕಡು ನೇರಳೆ. ಒಂದು ವರ್ಷ ಬೆಂಗಳೂರಿನ ದಂಪತಿ ಬಂದಿದ್ದರು. ಎರಡೆರಡು ಬಟ್ಟಲು ತಿಂದರು. ಮರುದಿನ ಬೆಳಿಗ್ಗೆ ಗಂಡಸು ಬಿಳಿಚಿಕೊಂಡು ಕೆಳಗೆ ಬಂದರು. "ಆಂಟಿ, ಇಲ್ಲಿ ಹತ್ತಿರ ಡಾಕ್ಟರ್ ಯಾರಿದ್ದಾರೆ?" ಮೂತ್ರ ಕೆಂಪಗೆ ಹೋಗುತ್ತದೆ ಅಂತ ಹೇಳುವುದನ್ನೇ ನಾನು ಮರೆತಿದ್ದೆ! ಸೊಪ್ಪಿನ ಬಣ್ಣ ಅದು, ಏನೂ ಆಗುವುದಿಲ್ಲ. ಅವರು ಈಗಲೂ ಪ್ರತಿ ವರ್ಷ ಅದೇ ದಿನಕ್ಕೆ ಫೋನು ಮಾಡಿ ನಗುತ್ತಾರೆ. ಇದು ಲಾಡ್ಜಿನ ವ್ಯಾಪಾರ ಆದರೆ, ಹಾಗೇ ಅಂತ ಬರೆದುಕೊಳ್ಳಿ.

ಒಂದೇ ಫಾರಂ ಅನ್ನುತ್ತಾರೆ. ಫಾರಂ ಒಂದೇ ಇರಬಹುದು, ಅದನ್ನು ತುಂಬುವ ಕೈ ಒಂದೇ ಅಲ್ಲ. ಹದಿನೆಂಟು ರೂಮಿನವರಿಗೆ ಲೆಕ್ಕದವರು ಇರುತ್ತಾರೆ, ಕಚೇರಿಗೆ ಓಡಾಡಲು ಮ್ಯಾನೇಜರ್ ಇರುತ್ತಾರೆ. ನಾನು ಒಂದು ಸಹಿಗೆ ಮಡಿಕೇರಿಗೆ ಹೋಗಿ ಬಂದರೆ ಒಂದು ದಿನ ಹೋಯಿತು. ಸಾಹೇಬರು ಮೀಟಿಂಗಿನಲ್ಲಿದ್ದರೆ ಇನ್ನೊಂದು ದಿನ. ಕಮರ್ಷಿಯಲ್ ಮೀಟರು, ಫೈರ್ ಸರ್ಟಿಫಿಕೇಟು, ಇನ್ನೊಂದು, ಮತ್ತೊಂದು ಅಂತ ಸೇರಿಸುತ್ತಾ ಹೋದರೆ ಎರಡು ರೂಮಿನ ವರ್ಷದ ಬಾಡಿಗೆ ಅದಕ್ಕೇ ಆಯಿತು. ಆಗ ನಾನು ಮುಚ್ಚುತ್ತೇನೆ. ಎಂಟು ಕಾಟೇಜಿನವನು ಮುಚ್ಚುತ್ತಾನಾ? ಅವನು ಒಬ್ಬ ಏಜೆಂಟನ್ನು ಹಿಡಿದು ಎಲ್ಲ ಕಾಗದ ಮಾಡಿಸಿ, ಫ್ರೇಮು ಹಾಕಿ ಗೋಡೆಗೆ ನೇತು ಹಾಕುತ್ತಾನೆ. ಜರಡಿಯ ತೂತು ತಪ್ಪಾಗಿ ಕೊರೆದರೆ ಒಳ್ಳೆ ಕಾಳೇ ಕೆಳಗೆ ಬೀಳುತ್ತದೆ, ಕಾಫಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮಗೆ ಕಾನೂನೇ ಇಲ್ಲ ಅನ್ನುವುದೂ ಸುಳ್ಳು. ಪ್ರವಾಸೋದ್ಯಮ ಇಲಾಖೆಯಲ್ಲಿ ನಮ್ಮ ಹೆಸರಿದೆ. ಬಂದವರ ಆಧಾರ್ ನೋಡಿ ಪುಸ್ತಕದಲ್ಲಿ ಬರೆಯುತ್ತೇನೆ. ಹೊರದೇಶದವರು ಬಂದರೆ 24 ಗಂಟೆಯೊಳಗೆ ಅವರ ವಿವರದ ಫಾರಂ ಆನ್‌ಲೈನಿನಲ್ಲಿ ಸರ್ಕಾರಕ್ಕೆ ಕಳಿಸಬೇಕು. ಅದು ಲಾಡ್ಜಿಗೂ ಒಂದೇ, ಮನೆಗೂ ಒಂದೇ. ಮನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಫೋನು ಹಿಡಿದು ಮೇಲಿನ ತೋಟದ ಬಂಡೆ ಹತ್ತಿ, ಒಂದೊಂದೇ ಫೋಟೋ ಅಪ್‌ಲೋಡ್ ಮಾಡುತ್ತಾ ನಿಲ್ಲುತ್ತೇನೆ. ಒಮ್ಮೆ ಹಾಗೆ ನಿಂತಿದ್ದಾಗ ಕೆಳಗೆ ಆನೆ ಬಂದಿತ್ತು. ಆ ಫಾರಂ ತಡವಾಯಿತು, ಒಪ್ಪುತ್ತೇನೆ.

ಇನ್ನು ಜಿಎಸ್‌ಟಿ. ವರ್ಷಕ್ಕೆ ಇಪ್ಪತ್ತು ಲಕ್ಷ ದಾಟದ ಸೇವೆಗೆ ನೋಂದಣಿ ಬೇಡ ಅಂತ ಕಾನೂನೇ ಹೇಳುತ್ತದೆ. ಅದು ಹೋಂಸ್ಟೇಗೆ ಅಂತ ಮಾಡಿದ ವಿನಾಯಿತಿಯಲ್ಲ, ಚಿಕ್ಕ ಲಾಡ್ಜಿಗೂ ಇದೆ. ಆ್ಯಪ್ ಮೂಲಕ ಬಂದ ಬುಕಿಂಗಿಗೆ ನಮ್ಮಂಥ ನೋಂದಣಿ ಇಲ್ಲದವರ ಬದಲು ಆ್ಯಪಿನವರೇ ತೆರಿಗೆ ಕಟ್ಟಬೇಕು. ಅದರ ಮೇಲೆ ಅವರ ಕಮಿಷನ್ ಬೇರೆ. ಅಂದರೆ ತೆರಿಗೆ ತಪ್ಪಿಸಿ ಕಮ್ಮಿ ರೇಟಿಗೆ ಕೊಡುತ್ತೇವೆ ಅನ್ನುವ ಮಾತು ಪೂರ್ತಿ ನಿಜವಲ್ಲ.

ಕಾಫಿಗೆ ಒಳ್ಳೆ ರೇಟಿದೆ, ನಿಮಗೆ ಇದೆಲ್ಲ ಯಾಕೆ ಅಂತಲೂ ಕೇಳುತ್ತಾರೆ. 2024ರಲ್ಲಿ ರೊಬಸ್ಟಾ ಎಂದೂ ಕಾಣದ ರೇಟು ಕಂಡಿತು, ಹೌದು. ರೇಟು ಕೂತ ಜಾಗದಲ್ಲಿ ಕೂತಿರುತ್ತದಾ? ಅಕಾಲ ಮಳೆಗೆ ಕಾಯಿ ಉದುರಿದರೆ ಒಳ್ಳೆ ರೇಟು ಇಟ್ಟುಕೊಂಡು ಏನು ಮಾಡಲಿ? 2018ರಲ್ಲಿ ಒಂದೇ ವಾರದಲ್ಲಿ ನಮ್ಮ ಬುಕಿಂಗೆಲ್ಲ ಕ್ಯಾನ್ಸಲ್ ಆಯಿತು. ಆಗ ಲಾಡ್ಜೂ ಖಾಲಿ, ನಾವೂ ಖಾಲಿ.

ಮನೆಯಲ್ಲಿ ದುಡ್ಡು ತಗೊಂಡು ಮಲಗಿಸುವುದು ಈ ನಾಡಿನಲ್ಲಿ ಯಾವತ್ತಿನಿಂದ ಹೊಸದಾಯಿತು? ಗೋಕರ್ಣಕ್ಕೆ ಕರ್ಮಾಂತರ ಮಾಡಿಸಲು ಹೋದವರು ಉಳಿಯುತ್ತಿದ್ದದ್ದು ಭಟ್ಟರ ಮನೆಯಲ್ಲೇ. ಹುಬ್ಬಳ್ಳಿ ಧಾರವಾಡದ ಕಡೆ ಎಷ್ಟೋ ಖಾನಾವಳಿಗಳು ಮನೆಯ ಪಡಸಾಲೆಯಲ್ಲಿ ರೊಟ್ಟಿ ಬಡಿದು ಶುರುವಾದವು. ಲಾಡ್ಜಿನವರೇ ಇದರಲ್ಲಿ ಆಮೇಲೆ ಬಂದವರು.

ನನಗೆ ಒಂದೇ ನಿಯಮ ಸಾಕು. ಮನೆಯವರು ಆ ಮನೆಯಲ್ಲೇ ರಾತ್ರಿ ಮಲಗಬೇಕು. ನ್ಯೂಯಾರ್ಕಿನ ಹೆಸರು ಹೇಳುತ್ತಾರಲ್ಲ, ಅಲ್ಲಿಯ ನಿಯಮದಲ್ಲೂ ಅದೇ ಇದೆ: ಮನೆಯವರು ಜೊತೆಗಿರಬೇಕು, ಅತಿಥಿಗಳು ಇಬ್ಬರಿಗಿಂತ ಜಾಸ್ತಿ ಇರಬಾರದು. ಅದನ್ನು ನಾಳೆಯೇ ಇಲ್ಲಿಗೆ ತನ್ನಿ. ರಾತ್ರಿ ಹತ್ತಕ್ಕೆ ಬಂದು ಬಾಗಿಲು ತಟ್ಟಿ, ತೆಗೆಯುವವಳು ನಾನೇ. ಕಾಟೇಜಿನವನ ಬಾಗಿಲು ಯಾರು ತೆಗೆಯುತ್ತಾರೆ, ಅದನ್ನೂ ನೋಡಿಕೊಂಡು ಬನ್ನಿ.

ಹೋದ ವರ್ಷ ಮಡಿಕೇರಿ ದಸರೆಯ ರಾತ್ರಿ, ಮಂಟಪಗಳ ಮೆರವಣಿಗೆಗೆ ಊರೆಲ್ಲ ತುಂಬಿತ್ತು. ಒಂಬತ್ತೂವರೆಗೆ ಪೇಟೆಯ ಒಂದು ಲಾಡ್ಜಿನಿಂದ ಫೋನು. "ಅಕ್ಕ, ಒಂದು ಫ್ಯಾಮಿಲಿ ಇದೆ. ಚಿಕ್ಕ ಮಗು ಬೇರೆ. ನಮ್ಮಲ್ಲಿ ಒಂದು ರೂಮೂ ಇಲ್ಲ. ನಿಮ್ಮಲ್ಲಿ ಜಾಗ ಇದೆಯಾ?"

ಇದೆ ಅಂದೆ. ಮಗುವಿಗೆ ಹಾಲು ಬೇಕಾ ಕೇಳಿ ಅಂದೆ.