ಜೆನೆಟ್‌ಳ ತಾಯಿ ಮಾಟಗಾತಿಯಾಗಿರಲಿಲ್ಲ

ನಿನ್ನೆ ಸಂಜೆ ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಯೊಂದರಲ್ಲಿ ಒಂದು ಬೆನ್ನುಡಿ ಓದಿದೆ. ಆ ಸಿಟ್ಟು ಇನ್ನೂ ಇಳಿದಿಲ್ಲ. ತನ್ನನ್ನು ಮಾಟಗಾತಿಯರ ಧರ್ಮ ಎಂದು ಕರೆದುಕೊಳ್ಳುವ ವಿಕ್ಕಾ ಪಂಥದ ಕುರಿತ ಹೊಸ ಪುಸ್ತಕ, ಗಟ್ಟಿ ರಟ್ಟು, ಮುಖಪುಟದಲ್ಲಿ ಬೆಳ್ಳಿಬಣ್ಣದ ಚಂದ್ರ. ಪಕ್ಕದಲ್ಲಿ ನಿಂತಿದ್ದ ಕಾಲೇಜು ಹುಡುಗಿ ಅದರದೇ ಇನ್ನೊಂದು ಪ್ರತಿಯನ್ನು ಎದೆಗೊತ್ತಿಕೊಂಡು ಬಿಲ್ ಮಾಡಿಸಲು ಹೋದಳು. ಇದು ಸಾವಿರಾರು ವರ್ಷಗಳಿಂದ ಗುಟ್ಟಾಗಿ ಉಳಿದುಬಂದ ಧರ್ಮ, ಇದನ್ನು ಪಾಲಿಸಿದ ತಪ್ಪಿಗೆ ಯುರೋಪಿನಲ್ಲಿ 90 ಲಕ್ಷ ಹೆಂಗಸರನ್ನು ಸುಟ್ಟರು ಎಂದು ಬೆನ್ನುಡಿಯಲ್ಲಿತ್ತು. ಎರಡೂ ಸುಳ್ಳು. ಸುಳ್ಳೆಂದು ಗೊತ್ತಾಗಿ ಎಷ್ಟೋ ಕಾಲವಾದ ಮೇಲೂ ಇದನ್ನೇ ಅಚ್ಚು ಹಾಕುತ್ತಾರಲ್ಲ!

ನಾನು ಇಂಗ್ಲೆಂಡಿನ ಪ್ರೆಸ್ಟನ್ನಿನಲ್ಲಿ ಓದಿದ ದಿನಗಳು ನಿಮ್ಮಲ್ಲಿ ಹಲವರಿಗೆ ಗೊತ್ತು. ಗೊತ್ತಿಲ್ಲದ ಒಂದನ್ನು ಇವತ್ತು ಹೇಳುತ್ತೇನೆ. ಮೊದಲ ಚಳಿಗಾಲದಲ್ಲಿ, ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುತ್ತಿದ್ದ ಆ ಊರಿನಲ್ಲಿ, ನಾನು ಈ ಪುಸ್ತಕಗಳನ್ನು ನಂಬಿದ್ದೆ. ಸ್ಕಾಟ್ ಕನಿಂಗ್‌ಹ್ಯಾಮ್ 1988ರಲ್ಲಿ ಒಂಟಿ ಸಾಧಕರಿಗೆಂದು ಬರೆದ ವಿಕ್ಕಾದ ಕೈಪಿಡಿ ಹಳೆಯ ಪುಸ್ತಕಗಳ ಅಂಗಡಿಯಲ್ಲಿ ಸಿಕ್ಕಿತ್ತು. ಗುಂಪು ಬೇಡ, ಗುರು ಬೇಡ, ನೀನೊಬ್ಬಳೇ ಸಾಕು ಎನ್ನುವ ಪುಸ್ತಕ. ಹಾಸ್ಟೆಲಿನಲ್ಲಿ ಮೇಣದಬತ್ತಿ ಹಚ್ಚುವಂತಿರಲಿಲ್ಲ. ಕೋಣೆಯ ಮೂಲೆಯ ಬೇಸಿನ್ನಿನೊಳಗೆ ಇಟ್ಟು ಹಚ್ಚುತ್ತಿದ್ದೆ. ಹುಣ್ಣಿಮೆಯ ರಾತ್ರಿ ವಿಕ್ಕಾದ ಪೂಜೆಯಲ್ಲಿ ಓದುವ, ದೇವಿಯ ಆದೇಶ ಎಂಬ ಗದ್ಯವನ್ನು ಪಿಸುಮಾತಿನಲ್ಲಿ ಓದಿಕೊಳ್ಳುತ್ತಿದ್ದೆ. ಸಾವಿರ ವರ್ಷಗಳಿಂದ ಎಷ್ಟೋ ಹೆಂಗಸರು ಹೀಗೆಯೇ ಪಿಸುಗುಟ್ಟಿರಬೇಕು ಎಂದುಕೊಂಡಾಗ ಒಂಟಿತನ ಕಡಿಮೆಯಾಗುತ್ತಿತ್ತು.

ಆ ಗದ್ಯಕ್ಕೆ ಈಗಿನ ರೂಪ ಬಂದದ್ದು 1950ರ ದಶಕದಲ್ಲಿ, ಡೋರೀನ್ ವ್ಯಾಲಿಯೆಂಟ್ ಎಂಬ ಇಂಗ್ಲಿಷ್ ಮಹಿಳೆಯ ಕೈಯಿಂದ. ಅದನ್ನು ತಿಳಿದ ದಿನ ಅತ್ತೆ. ಯಾರೋ ನನ್ನನ್ನು ಮೋಸಗೊಳಿಸಿದ್ದರು, ಆದರೆ ಮೋಸಗೊಳಿಸಿದವಳು ಡೋರೀನ್ ಅಲ್ಲ.

ವಿಕ್ಕಾವನ್ನು ಜಗತ್ತಿನ ಮುಂದಿಟ್ಟವರು ಜೆರಾಲ್ಡ್ ಗಾರ್ಡ್ನರ್. ಸಿಲೋನಿನ ತೋಟಗಳಲ್ಲೂ ಮಲಯಾದ ಸುಂಕದ ಇಲಾಖೆಯಲ್ಲೂ ದುಡಿದು, ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದ ಮನುಷ್ಯ. ಮಾಟ ಬಲ್ಲೆನೆಂದು ಹೇಳಿಕೊಳ್ಳುವುದನ್ನು ಅಪರಾಧವೆನ್ನುತ್ತಿದ್ದ ಬ್ರಿಟನ್ನಿನ 1735ರ ಕಾಯ್ದೆ 1951ರಲ್ಲಿ ರದ್ದಾಯಿತು, 1954ರಲ್ಲಿ ಅವರ ಪುಸ್ತಕ ಬಂತು. ಹಳೆಯ ಧರ್ಮವೊಂದು ಗುಟ್ಟಾಗಿ ಉಳಿದಿದೆ, ತನಗೆ ಅದರ ದೀಕ್ಷೆಯಾಗಿದೆ ಎಂದರು. ಮಾಟಗಾತಿಯರೆಂದು ಶಿಕ್ಷೆಗೊಳಗಾದವರು ಹಳೆಯ ಧರ್ಮವೊಂದನ್ನು ಪಾಲಿಸುತ್ತಿದ್ದರು ಎಂದು ಮಾರ್ಗರೆಟ್ ಮರ್ರೆ ಎಂಬ ವಿದ್ವಾಂಸೆ 1921ರಲ್ಲಿ ಮಂಡಿಸಿದ್ದ ವಾದ ಅವರಿಗೆ ಬೆನ್ನೆಲುಬಾಗಿತ್ತು. ಇತಿಹಾಸಕಾರರು ಆ ವಾದವನ್ನು ಕೈಬಿಟ್ಟು ದಶಕಗಳೇ ಆದವು. ಗಾರ್ಡ್ನರ್ ಕೊಟ್ಟ ಪೂಜೆಯ ಪಠ್ಯದಲ್ಲಿ, ಗೂಢವಿದ್ಯೆಯ ಲೇಖಕ ಅಲಿಸ್ಟರ್ ಕ್ರೌಲಿಯ ಸಾಲುಗಳನ್ನು ಗುರುತು ಹಿಡಿದವಳು ಡೋರೀನ್. ಇದಕ್ಕಿಂತ ಚೆನ್ನಾಗಿ ಬರೆಯಬಲ್ಲೆಯಾದರೆ ಬರೆ ಎಂದು ಗಾರ್ಡ್ನರ್ ಅಂದಾಗ ಕುಳಿತು ಬರೆದಳು. ಅದನ್ನು ತನ್ನ ನೆನಪಿನ ಪುಸ್ತಕದಲ್ಲಿ 1989ರಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಳು. ಇತಿಹಾಸಕಾರ ರೊನಾಲ್ಡ್ ಹಟನ್ 1999ರಲ್ಲಿ ಇಡೀ ಚರಿತ್ರೆಯನ್ನು ದಾಖಲೆಗಳೊಂದಿಗೆ ಬಿಡಿಸಿಟ್ಟರು, ವಿಕ್ಕನ್ನರಲ್ಲೇ ಎಷ್ಟೋ ಜನ ಒಪ್ಪಿಕೊಂಡರು. ಬೆನ್ನುಡಿ ಬರೆಯುವವರು ಮಾತ್ರ ಒಪ್ಪುವುದಿಲ್ಲ. ಒಬ್ಬ ಹೆಂಗಸು ಸ್ವಂತ ಪ್ರತಿಭೆಯಿಂದ ಬರೆದದ್ದನ್ನು ಹೆಸರಿಲ್ಲದ ಪುರಾತನರ ಲೆಕ್ಕಕ್ಕೆ ಹಾಕುತ್ತಾರೆ. ಹೆಣ್ಣಿನ ಶಕ್ತಿಯನ್ನು ಹಾಡಿ ಹೊಗಳುವ ಪುಸ್ತಕಗಳೇ ಹೀಗೆ ಮಾಡುವುದು ನನಗೆ ಸಹಿಸಲಾಗದು.

ಇನ್ನು ಆ 90 ಲಕ್ಷ. 1784ರಲ್ಲಿ ಫೋಯ್ಟ್ ಎಂಬ ಜರ್ಮನ್ ವಿದ್ವಾಂಸ ಕ್ವೆಡ್ಲಿನ್‌ಬುರ್ಗ್ ಊರಿನ ಕಡತಗಳಲ್ಲಿ ಸಿಕ್ಕ ಕೆಲವೇ ಪ್ರಕರಣಗಳನ್ನು ಯುರೋಪಿನ ಜನಸಂಖ್ಯೆಗೆ ಹಿಗ್ಗಿಸಿ 94,42,994 ಎಂದು ಲೆಕ್ಕ ತೆಗೆದ. ಇಂದಿನ ಇತಿಹಾಸಕಾರರ ಅಂದಾಜು 40,000ದಿಂದ 60,000. ಅವರಲ್ಲಿ ಗಂಡಸರೂ ಇದ್ದರು. ಇಂಗ್ಲೆಂಡಿನಲ್ಲಿ ಮಾಟದ ಅಪರಾಧಕ್ಕೆ ಸುಡುತ್ತಿರಲಿಲ್ಲ, ನೇಣು ಹಾಕುತ್ತಿದ್ದರು. ನಲವತ್ತು ಸಾವಿರ ಜೀವ ಸಾಲದೇ? ಅದನ್ನು ಉಬ್ಬಿಸಿದರಷ್ಟೇ ಕರುಳು ಕರಗುವುದೇ?

ಪ್ರೆಸ್ಟನ್ನಿನಿಂದ ಪೆಂಡಲ್ ಬೆಟ್ಟ ದೂರವಲ್ಲ. 1612ರ ಮಾರ್ಚಿನಲ್ಲಿ ಆ ಸೀಮೆಯ ಅಲಿಝನ್ ಡಿವೈಸ್ ಎಂಬ ಬಡ ಹುಡುಗಿ ದಾರಿಯಲ್ಲಿ ಸಿಕ್ಕ ತಿರುಗು ವ್ಯಾಪಾರಿಯ ಬಳಿ ಗುಂಡುಸೂಜಿ ಕೇಳಿದಳು. ಅವನು ಗಂಟು ಬಿಚ್ಚಲಿಲ್ಲ. ತುಸು ಹೊತ್ತಿಗೆ ಪಾರ್ಶ್ವವಾಯು ಬಡಿದು ಬಿದ್ದ. ಅವಳು ಮಾಟ ಮಾಡಿದಳೆಂದು ಅಲ್ಲಿಂದ ಹೊತ್ತಿಕೊಂಡ ದೂರು ಲ್ಯಾಂಕಾಸ್ಟರ್ ಕೋಟೆಯ ನ್ಯಾಯಾಲಯದವರೆಗೆ ಹೋಯಿತು. ಅಲಿಝನ್‌ಳ ತಂಗಿ ಜೆನೆಟ್‌ಗೆ ಸುಮಾರು ಒಂಬತ್ತು ವರ್ಷ. ಅವಳನ್ನು ತಾಯಿಯ ವಿರುದ್ಧವೇ ಸಾಕ್ಷಿಗೆ ಕರೆತಂದರು. ತಾಯಿ ಎಲಿಜಬೆತ್ ಚೀರಾಡಿದಾಗ ಅವಳನ್ನು ಹೊರಗೆ ಕಳಿಸಿ, ಮಗುವನ್ನು ಮೇಜಿನ ಮೇಲೆ ನಿಲ್ಲಿಸಿ ಹೇಳಿಕೆ ಪಡೆದರು. ಗುಮಾಸ್ತ ಥಾಮಸ್ ಪಾಟ್ಸ್ ಬರೆದಿಟ್ಟ ವರದಿಯಲ್ಲಿ ಎಲಿಜಬೆತ್‌ಳ ಕಣ್ಣುಗಳ ವರ್ಣನೆಯೂ ಇದೆ: ಒಂದು ಮೇಲೆ ನೋಡುತ್ತದೆ, ಒಂದು ಕೆಳಗೆ. ಮೆಳ್ಳೆಗಣ್ಣೂ ಅವಳ ಮೇಲಿನ ದೂರಾಯಿತು. ಆಗಸ್ಟ್ 20ರಂದು ಹತ್ತು ಜನರನ್ನು ನೇಣಿಗೆ ಹಾಕಿದರು. ಎಲಿಜಬೆತ್, ಅಲಿಝನ್, ಜೆನೆಟ್‌ಳ ಅಣ್ಣ ಜೇಮ್ಸ್, ಮೂವರೂ ಅದರಲ್ಲಿದ್ದರು.

ಎಲಿಜಬೆತ್ ನ್ಯಾಯಾಲಯದಲ್ಲಿ ತಾನು ತಪ್ಪಿತಸ್ಥಳಲ್ಲ ಎಂದಳು. ನಾಲ್ಕು ಶತಮಾನ ಕಳೆದ ಮೇಲೆ ಈ ಪುಸ್ತಕಗಳು ಅವಳನ್ನು ನಮ್ಮ ಅಜ್ಜಿ, ನಮ್ಮ ಮಾಟಗಾತಿ ಎಂದು ಅಪ್ಪಿಕೊಳ್ಳುತ್ತವೆ. ಅಂದರೆ ಅವಳು ಹೇಳಿದ್ದು ಸುಳ್ಳು, ನ್ಯಾಯಾಧೀಶ ಹೇಳಿದ್ದೇ ಸರಿ ಎಂದಾಯಿತಲ್ಲ? ನೇಣಿಗೇರಿಸಿದವರ ತೀರ್ಪಿನ ಕೆಳಗೆ ಪ್ರೀತಿಯಿಂದಲೇ ಇನ್ನೊಂದು ಸಹಿ. ನನ್ನ ಸಿಟ್ಟಿನ ಬೇರು ಇಲ್ಲಿದೆ.

ಎಲ್ಲ ಧರ್ಮಗಳೂ ತಮ್ಮ ವಯಸ್ಸನ್ನು ಹೆಚ್ಚಿಸಿಯೇ ಹೇಳುತ್ತವೆ, ಪಾಪ, ಇವರ ಮೇಲೇಕೆ ಕೋಪ, ಒಂದಿಷ್ಟು ಹುಡುಗಿಯರಿಗೆ ನೆಮ್ಮದಿ ಸಿಗುತ್ತದಲ್ಲ ಎಂದು ನೀವು ಕೇಳಬಹುದು. ನೆಮ್ಮದಿ ಸಿಗುತ್ತದೆ, ನನಗೂ ಸಿಕ್ಕಿತ್ತು. ಆದರೆ ಆ ನೆಮ್ಮದಿ ಕೊಟ್ಟದ್ದು ದೀಪ, ಚಂದ್ರ ಮತ್ತು ಡೋರೀನ್‌ಳ ಮಾತು. ಅದಕ್ಕೆ ಸಾವಿರ ವರ್ಷದ ಸುಳ್ಳು ಬೇಕಾಗಿರಲಿಲ್ಲ. ಎಪ್ಪತ್ತು ವರ್ಷದ ಧರ್ಮ ಎಂದು ಹೇಳಿಕೊಳ್ಳಲು ನಾಚಿಕೆ ಏಕೆ?

ನಮ್ಮ ನೆಲದಲ್ಲಿ ಕುಳಿತು ಈ ಪುಸ್ತಕ ಓದುವವರು ಇನ್ನೊಂದನ್ನೂ ನೆನೆಯಬೇಕು. ಬೀದರ್, ಕಲಬುರಗಿಯ ಕಡೆ ಬಾನಾಮತಿಯ ಗುಮಾನಿ ಎಂದರೆ ಏನೆಂದು ಅಲ್ಲಿಯವರನ್ನು ಕೇಳಿ. ಅಸ್ಸಾಮಿನಲ್ಲಿ ಬಿರುಬಾಲಾ ರಾಭಾ ಡೈನಿ, ಅಂದರೆ ಮಾಟಗಾತಿ, ಎಂಬುವಳೇ ಇಲ್ಲ ಎಂದು ಹಳ್ಳಿ ಹಳ್ಳಿ ಸುತ್ತಿ ಹೆಂಗಸರ ಜೀವ ಉಳಿಸಿದರು. 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಎಲಿಜಬೆತ್‌ಳಿಗೆ ಬೇಕಾಗಿದ್ದವರು ಅಂಥವರೊಬ್ಬರು.

ನಿನ್ನೆ ಆ ಹುಡುಗಿಯನ್ನು ತಡೆದು ಮಾತಾಡಿಸಬೇಕಿತ್ತು. ಅವಳ ಮುಖದಲ್ಲಿದ್ದ ಖುಷಿ ನೋಡಿ ಬಾಯಿ ಬರಲಿಲ್ಲ. ಅವಳು ನಿಮ್ಮ ಮಗಳೋ ತಂಗಿಯೋ ಆಗಿದ್ದರೆ ನಮ್ಮ ಮನೆಗೆ ಕಳಿಸಿ. ಡೋರೀನ್‌ಳ ನೆನಪಿನ ಪುಸ್ತಕವೂ ಹಟನ್ ಬರೆದದ್ದೂ ನನ್ನ ಕಪಾಟಿನಲ್ಲಿವೆ. ಪುಟದಂಚಿನ ಮೇಣದ ಕಲೆ ಹಾಗೆಯೇ ಇರುವ ಕನಿಂಗ್‌ಹ್ಯಾಮನ ಕೈಪಿಡಿಯೂ ಇದೆ. ಮೂರನ್ನೂ ಕೊಡುತ್ತೇನೆ.