ಪ್ರಧಾನಿ ಆಗದಿದ್ದರೆ ಸೋಲು ಹೇಗಾಗುತ್ತದೆ?

ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷದ ರಾಜಕಾರಣಿ ಕೆನ್ ಕ್ಲಾರ್ಕ್ ಪ್ರಧಾನಿ ಆಗಲಿಲ್ಲ, ಹಾಗಾಗಿ ಅವರದು ಅರ್ಧಕ್ಕೇ ನಿಂತ ರಾಜಕೀಯ ಅನ್ನುವ ನಿಮ್ಮ ಮಾತು ಒಪ್ಪಲು ಆಗುವುದಿಲ್ಲ. 1997, 2001, 2005ರಲ್ಲಿ ಪಕ್ಷದ ನಾಯಕತ್ವಕ್ಕೆ ನಿಂತು ಸೋತರು, ನಿಜ. ಆದರೆ ಯುರೋಪ್ ಒಕ್ಕೂಟದ ಪರ ನಿಲುವನ್ನು ಸ್ವಲ್ಪ ಮುಚ್ಚಿಟ್ಟಿದ್ದರೆ ಗೆಲ್ಲುವ ಅವಕಾಶ ಜಾಸ್ತಿ ಇತ್ತು ಅಲ್ವಾ? ಮುಚ್ಚಿಡಲಿಲ್ಲ. ಆರೋಗ್ಯ ಸಚಿವರಾಗಿ ಅವರು ತಂದ ಬದಲಾವಣೆಗಳ ಬಗ್ಗೆ ನನಗೂ ತಕರಾರಿದೆ. ಆದರೂ 2017ರ ಫೆಬ್ರವರಿಯಲ್ಲಿ, 76ನೇ ವಯಸ್ಸಿನಲ್ಲಿ, ಬ್ರೆಕ್ಸಿಟ್, ಅಂದರೆ ಆ ಒಕ್ಕೂಟದಿಂದ ಬ್ರಿಟನ್ ಹೊರಬರುವ, ಪ್ರಕ್ರಿಯೆ ಶುರು ಮಾಡುವ ಮಸೂದೆಗೆ ಇಡೀ ಕನ್ಸರ್ವೇಟಿವ್ ಪಕ್ಷದಲ್ಲಿ ಒಬ್ಬರೇ ವಿರುದ್ಧ ಮತ ಹಾಕಿದರಲ್ಲ, ಆ ಧೈರ್ಯ ಎಷ್ಟು ಜನ ಪ್ರಧಾನಿಗಳಿಗಿತ್ತು? 2019ರಲ್ಲಿ ಸಂಸದೀಯ ಪಕ್ಷದಿಂದ ಹೊರಹಾಕಿದಾಗಲೂ ಮಾತು ಬದಲಿಸಲಿಲ್ಲ. ಅವರ ಕ್ಷೇತ್ರ ರಷ್‌ಕ್ಲಿಫ್‌ನ ಜನ ಇವರನ್ನು 1970ರಿಂದ ಸುಮ್ನೆ ಗೆಲ್ಲಿಸುತ್ತಾ ಬಂದಿರಲಿಲ್ಲ.